ಒಂದೇ ಮುಹೂರ್ತದ ಎರಡು ಸರ್ವರುಗಳು

ಬಂಟ್ವಾಳದ ಸೆಕೆ ಈಗೀಗ ನನಗೆ ತಡೆಯುವುದಿಲ್ಲ. ಹುಟ್ಟಿ ಬೆಳೆದ ಊರಿನ ಸೆಕೆಯೇ, ಆದರೆ ದುಡಿಮೆಯ ಬಹುಪಾಲನ್ನು ಯಂತ್ರಗಳಿಗೆಂದು ಹಾಕಿಸಿದ ತಂಪಿನಲ್ಲಿ ಕಳೆದವಳು ನಾನು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಆ ತಂಪನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. ಮೂಡುಬಿದಿರೆ ಕಡೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಬಡ್ತಿ ಯಾವಾಗ ಬಂತು, ಯಾರು ಅಡ್ಡಗಾಲು ಹಾಕಿದರು ಎಂಬ ಕಥೆ ನನ್ನ ಗಂಡನಿಗೆ ಬಾಯಿಪಾಠವಾಗಿದೆ, ನಿಮಗೆ ಆ ಶಿಕ್ಷೆ ಬೇಡ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಫರ್ಮ್‌ವೇರ್ ಎಂಬ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಅದನ್ನು ಕಲಿಸುವ ಪಾಠಪುಸ್ತಕ ನನಗಂತೂ ಸಿಕ್ಕಿರಲಿಲ್ಲ.

ಸರ್ವರ್ ಎಂದರೆ ಆಸ್ಪತ್ರೆಯ ಉಳಿದೆಲ್ಲ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುವ ದೊಡ್ಡ ಯಂತ್ರ. ಅದರೊಳಗಿನ ಡಿಸ್ಕಿಗೆ, ಫ್ಯಾನಿಗೆ, ಮದರ್‌ಬೋರ್ಡಿಗೆ, ಹೀಗೆ ಪ್ರತಿ ಭಾಗಕ್ಕೂ ತಾನು ಯಾರು, ಏನು ಮಾಡಬೇಕು ಎಂದು ತಿಳಿಸುವ ಸಣ್ಣ ಬುದ್ಧಿಯೊಂದನ್ನು ಒಳಗೇ ಬರೆದಿಟ್ಟಿರುತ್ತಾರೆ. ಅದೇ ಫರ್ಮ್‌ವೇರ್. ಅದರಲ್ಲೂ ತಪ್ಪುಗಳಿರುತ್ತವೆ, ತಯಾರಕರು ಆಗಾಗ ತಿದ್ದಿದ ಪ್ರತಿ ಕಳಿಸುತ್ತಾರೆ. ಫೋನಿನ ಆಪ್ ಕೆಟ್ಟರೆ ಅಳಿಸಿ ಮತ್ತೆ ಹಾಕಿಕೊಳ್ಳಬಹುದು. ಫರ್ಮ್‌ವೇರ್ ಬರೆಯುತ್ತಿರುವಾಗ ಅರ್ಧದಲ್ಲಿ ನಿಂತರೆ ಯಂತ್ರಕ್ಕೆ ತನ್ನ ಹೆಸರೇ ಮರೆತುಹೋಗುತ್ತದೆ. ಆಮೇಲೆ ನೀವು ಏನು ಒತ್ತಿದರೂ ಕೇಳಿಸಿಕೊಳ್ಳಲು ಒಳಗೆ ಯಾರೂ ಇರುವುದಿಲ್ಲ.

ನಾನು ಕೆಲಸ ಕಲಿತದ್ದು ಬಂಟ್ವಾಳ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಪ್ರಭುಗಳ ಹತ್ತಿರ. ಆಗ ಫರ್ಮ್‌ವೇರ್ ಬದಲಿಸುವುದೆಂದರೆ ಅದನ್ನು ಬರೆದಿಟ್ಟ ಚಿಪ್ಪನ್ನೇ ಬದಲಿಸುವುದು. ಹೊಸ ಚಿಪ್ಪು ಅಂಚೆಯಲ್ಲಿ ಬರುತ್ತಿತ್ತು. ಹಳೆಯದನ್ನು ಸಪೂರ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ತಂತಿಯಂಥ ಸಣ್ಣ ಕಾಲುಗಳು ಬಗ್ಗದ ಹಾಗೆ ಹೊಸದನ್ನು ಕೂರಿಸಬೇಕು. ಮೊದಲ ಸಲ ಸರಿಯಾಗಿ ಕೂರಿಸಿದ ಖುಷಿಯಲ್ಲಿ ನಾನು ಹಳೆಯ ಚಿಪ್ಪನ್ನು ಕಸದ ಬುಟ್ಟಿಗೆ ಎಸೆದೆ. ಪ್ರಭುಗಳು ಎದ್ದು ಬಂದು ಆ ಬುಟ್ಟಿಯನ್ನೇ ಎತ್ತಿ ನನ್ನ ಮೇಜಿನ ಮೇಲೆ ಇಟ್ಟರು.

"ಹುಡುಕು ಮಾರಾಯ್ತಿ. ಹೊಸತು ಸರಿ ಇಲ್ಲ ಅಂತಾದ್ರೆ ಎಂತ ಕೂರಿಸ್ತಿ? ಬಾಳೆಹಣ್ಣಿನ ಸಿಪ್ಪೆಯಾ?"

ಹೊಸ ಚಿಪ್ಪು ನಿಜಕ್ಕೂ ಸರಿಯಿರಲಿಲ್ಲ. ಸಿಪ್ಪೆಗಳ ನಡುವಿನಿಂದ ಹೆಕ್ಕಿದ ಹಳೆಯದನ್ನು ಒರೆಸಿ ಕೂರಿಸಿದ ಮೇಲೆಯೇ ಯಂತ್ರ ಎದ್ದದ್ದು. ಈಗ ಚಿಪ್ಪು ಕೈಗೆ ಸಿಗುವುದಿಲ್ಲ, ಹೊಸ ಫೈಲು ಹಳೆಯದರ ಮೇಲೆಯೇ ಬರೆದುಕೊಂಡು ಹೋಗುತ್ತದೆ. ಹಾಗಾಗಿ ಹಳೆಯ ಆವೃತ್ತಿಯ ಫೈಲನ್ನು ಮೊದಲೇ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಬೇಕು. ವಾಪಸು ಹೋಗಲು ತಯಾರಕರು ಬಿಡುತ್ತಾರೋ ಇಲ್ಲವೋ ಎಂದು ಟಿಪ್ಪಣಿಯನ್ನು ಪೂರ್ತಿ ಓದಬೇಕು. ಕೆಲವು ಫರ್ಮ್‌ವೇರ್‌ಗಳು ಒಮ್ಮೆ ಮುಂದೆ ಹೋದರೆ ಹಿಂದೆ ಬರಲು ಒಪ್ಪುವುದೇ ಇಲ್ಲ. ಟಿಪ್ಪಣಿ ಓದದೆ 'ನೆಕ್ಸ್ಟ್' ಒತ್ತುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಆಸ್ಪತ್ರೆಗೆ ಸೇರಿದ ಮೇಲೆ ನನಗೆ ಜೊತೆಯಾದವರು ಫರಂಗಿಪೇಟೆಯ ನಾಸಿರ್. ದಮ್ಮಾಮಿನ ದೊಡ್ಡ ದೊಡ್ಡ ಸರ್ವರ್ ಕೇಂದ್ರಗಳಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ್ದ ಇಂಜಿನಿಯರು. ವಿದ್ಯುತ್ತು, ಯುಪಿಎಸ್ಸು, ಬ್ಯಾಟರಿ ಎಲ್ಲ ಅವರ ಪಾಲು. ದರ್ಜೆಯಲ್ಲಿ ನಾವಿಬ್ಬರೂ ಸಮಾನರು, ಜಗಳದಲ್ಲೂ ಸಮಾನರು. ಒಮ್ಮೆ ಬೆಳ್ತಂಗಡಿ ಕಡೆಯ ಒಂದು ಸಹಕಾರಿ ಸಂಘದಿಂದ ಕರೆ ಬಂತು. ಹಿಂದಿನ ದಿನ ಅಲ್ಲಿ ಫರ್ಮ್‌ವೇರ್ ಅಪ್ಡೇಟ್ ಮಾಡಿದ್ದರು, ಈಗ ಸರ್ವರಿನ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ನಮ್ಮ ಆಡಳಿತಾಧಿಕಾರಿ ನೇಮಿರಾಜ ಅರಿಗರ ಭಾವ ಆ ಸಂಘದ ನಿರ್ದೇಶಕರಲ್ಲಿ ಒಬ್ಬರು. ಆ ಕಾರಣಕ್ಕೆ ಅರಿಗರು ನಮ್ಮಿಬ್ಬರನ್ನೂ ಆಸ್ಪತ್ರೆಯ ಜೀಪಿನಲ್ಲೇ ಕಳಿಸಿದರು.

ನಾನು ಯಂತ್ರದ ಮುಂದೆ ಕೂತೆ. ನಾಸಿರ್ ಯಂತ್ರವನ್ನು ನೋಡಲೇ ಇಲ್ಲ. ಯುಪಿಎಸ್ಸಿನಿಂದ ಹೊರಟ ಒಂದು ವೈರನ್ನು ಕೈಯಲ್ಲಿ ಹಿಡಿದುಕೊಂಡು, ಬಾಗಿಲು ದಾಟಿ, ಜಗಲಿ ದಾಟಿ, ಸಭಾಂಗಣದ ತನಕ ನಡೆದರು. ವೈರಿನ ಕೊನೆಯಲ್ಲಿ ಮೈಕ್ ಸೆಟ್ಟು ಇತ್ತು.

"ಇದು ಎಂತ?" ಎಂದು ಸಂಘದ ಗುಮಾಸ್ತರನ್ನು ಕೇಳಿದರು.

"ನಿನ್ನೆ ಮಹಾಸಭೆ ಇತ್ತಲ್ಲ. ಕರೆಂಟ್ ಹೋದ್ರೆ ಅಧ್ಯಕ್ಷರ ಭಾಷಣ ನಿಲ್ಲಬಾರದು ಅಂತ ಹಾಕಿದ್ದು."

"ಕರೆಂಟ್ ಹೋಯ್ತಾ?"

"ಹೋಯ್ತು. ಭಾಷಣ ನಿಲ್ಲಲಿಲ್ಲ."

"ಹಾಗಾದ್ರೆ ಸರ್ವರೇ ನಿಲ್ಲಬೇಕಲ್ಲ ಮಾರಾಯ್ರೇ" ಎಂದರು ನಾಸಿರ್.

ಎಲ್ಲರೂ ಸಭೆಯಲ್ಲಿದ್ದಾರೆ, ಒಳಗೆ ಕೆಲಸವಿಲ್ಲ, ಅಪ್ಡೇಟಿಗೆ ಇದೇ ಒಳ್ಳೆಯ ಸಮಯ ಎಂದು ಅಲ್ಲಿನವರು ಲೆಕ್ಕ ಹಾಕಿದ್ದರು. ಅಧ್ಯಕ್ಷರು ಸಂಘದ ಇತಿಹಾಸ ಹೇಳುತ್ತಾ ಬ್ಯಾಟರಿಯನ್ನೆಲ್ಲ ಕುಡಿದು ಮುಗಿಸಿದ್ದರು, ಫರ್ಮ್‌ವೇರ್ ಅರ್ಧದಲ್ಲೇ ನಿಂತಿತ್ತು. ಹೊಸ ಮದರ್‌ಬೋರ್ಡು ಬರುವ ತನಕ ಆ ಸಂಘದವರು ಲೆಕ್ಕವನ್ನೆಲ್ಲ ಕೈಯಲ್ಲೇ ಬರೆದರು. ಅಂದಿನಿಂದ ನಾನು ಯಾವ ಅಪ್ಡೇಟಿಗೂ ಮೊದಲು ಯುಪಿಎಸ್ಸಿನ ಪ್ರತಿ ವೈರನ್ನೂ ಕೈಯಲ್ಲಿ ಹಿಡಿದು ಕೊನೆಯ ತನಕ ನೋಡಿ ಬರುತ್ತೇನೆ. ನೀವೂ ಹಾಗೆ ಮಾಡಿ, ಜನ ನಗುತ್ತಾರೆ, ನಗಲಿ.

ಆದರೆ ಅರಿಗರು ಆ ಘಟನೆಯಿಂದ ಕಲಿತ ಪಾಠ ಬೇರೆಯೇ. ಓಡುತ್ತಿರುವ ಸರ್ವರನ್ನು ಯಾರೂ ಮುಟ್ಟಕೂಡದು ಎಂದು ಅವರು ಗಟ್ಟಿ ಮಾಡಿಕೊಂಡುಬಿಟ್ಟರು. ಅರಿಗರ ಬಗ್ಗೆ ಒಂದು ಮಾತು ಹೇಳಬೇಕು. ಮೂಡುಬಿದಿರೆಯ ಹಳೆಯ ಜೈನ ಮನೆತನದವರು, ಅಳೆದು ತೂಗಿ ಮಾತಾಡುವವರು, ಯಾರ ಮೇಲೂ ದನಿ ಎತ್ತಿದವರಲ್ಲ. ಅವರು ಮೆಲ್ಲಗೆ "ಬೇಡ" ಎಂದರೆ ಅದನ್ನು ಅಲುಗಿಸುವುದು ಕಷ್ಟವಿತ್ತು. ಅವರ ಭಯವನ್ನು ನಾನು ಹಗುರವಾಗಿ ಕಂಡಿಲ್ಲ. ನಮ್ಮಲ್ಲಿ ಡಯಾಲಿಸಿಸ್ ವಾರ್ಡು ಇತ್ತು. ವಾರಕ್ಕೆರಡು ಮೂರು ಸಲ ಬಂದು ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುವವರು. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧಿ ಕೊಡಕೂಡದು ಎಂಬುದೆಲ್ಲ ಸರ್ವರಿನಲ್ಲೇ ಇತ್ತು. ಬೆಳುವಾಯಿಯಿಂದ ಬರುತ್ತಿದ್ದ ಲಿಲ್ಲಿ ಬಾಯಿ ಎಂಬವರಿಗೆ ರಕ್ತ ಹೆಪ್ಪುಗಟ್ಟದಂತೆ ಎಲ್ಲರಿಗೂ ಕೊಡುವ ಔಷಧಿ ಕೊಟ್ಟರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಅವರ ಪುಟ ತೆರೆದರೆ ಮೊದಲ ಸಾಲೇ ಕೆಂಪು ಅಕ್ಷರದ ಎಚ್ಚರಿಕೆ. ವಾರ್ಡಿಗೆ ಹೊಸ ನರ್ಸು ಬಂದ ದಿನ ಆ ಸಾಲು ಕಾಣದೇ ಹೋದರೆ ಏನಾಗಬಹುದು ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೆ.

ತಯಾರಕರ ಎಚ್ಚರಿಕೆಗಳನ್ನು ಪ್ರತಿ ಸೋಮವಾರ ಓದುವುದು ನನ್ನ ಅಭ್ಯಾಸ. ಒಂದು ಸೋಮವಾರ ನಮ್ಮ ಸರ್ವರಿನಲ್ಲಿದ್ದ ಡಿಸ್ಕಿನ ಹೆಸರು ಅಲ್ಲಿ ಕಾಣಿಸಿತು. ಆ ಡಿಸ್ಕುಗಳ ಫರ್ಮ್‌ವೇರ್‌ನಲ್ಲಿ ಒಂದು ದೋಷ. ಡಿಸ್ಕು ತಾನು ಒಟ್ಟು ಎಷ್ಟು ಗಂಟೆ ಓಡಿದ್ದೇನೆಂದು ಒಳಗೇ ಎಣಿಸಿಕೊಳ್ಳುತ್ತದೆ. ಆ ಎಣಿಕೆ ಒಂದು ಗೊತ್ತಾದ ಸಂಖ್ಯೆ ಮುಟ್ಟಿದ ಕ್ಷಣ ಡಿಸ್ಕು ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ, ಒಳಗಿದ್ದದ್ದು ಯಾರ ಕೈಗೂ ಸಿಗುವುದಿಲ್ಲ. ಅಷ್ಟರೊಳಗೆ ಹೊಸ ಫರ್ಮ್‌ವೇರ್ ಹಾಕಬೇಕು. ಹಾಕದಿದ್ದರೆ ಉಳಿಗಾಲವಿಲ್ಲ.

ಮೊದಲಿಗೆ ನಾನು ಅಷ್ಟೇನೂ ಗಾಬರಿಯಾಗಲಿಲ್ಲ. ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳು ಒಟ್ಟಿಗೆ ಬರೆದುಕೊಳ್ಳುತ್ತಿದ್ದವು, ಒಂದು ಹೋದರೆ ಇನ್ನೊಂದು ಇರುತ್ತದೆ. ಸರ್ವರೇ ಹೋದರೆ ಪಕ್ಕದಲ್ಲಿ ಅಂಥದ್ದೇ ಬದಲಿ ಸರ್ವರು ಇದೆ. ಹಾಗೆಂದುಕೊಂಡು ಗಂಟೆಗಳ ಎಣಿಕೆ ತೆರೆದು ನೋಡಿದೆ. ಒಳಗಿನ ಎರಡು ಡಿಸ್ಕುಗಳದ್ದೂ ಒಂದೇ ಸಂಖ್ಯೆ. ಬದಲಿ ಸರ್ವರಿನದ್ದು ನೋಡಿದೆ. ಅಲ್ಲೂ ಅದೇ. ಸಾಯುವ ಗಂಟೆಗೆ ಎರಡು ವಾರವೂ ಉಳಿದಿರಲಿಲ್ಲ. ನಾಸಿರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಹೀಗೆ ಹೇಗೆ ಆಗ್ತದೆ? ಬದಲಿ ಸರ್ವರು ಯಾವಾಗಲೂ ಆಮೇಲೆ ಶುರು ಮಾಡುವುದಲ್ವಾ?"

ನಾನು ಅವರನ್ನು ಅರಿಗರ ಕಚೇರಿಯ ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ ಇತ್ತು. ಸರ್ವರುಗಳು ಬಂದ ದಿನದ್ದು. ನಮ್ಮ ಕಡೆ ಹೊಸ ಯಂತ್ರ ಬಂದರೆ ಮುಹೂರ್ತ ನೋಡದೆ ಸ್ವಿಚ್ಚು ಹಾಕುವುದಿಲ್ಲ, ಎಕ್ಸ್‌ರೇ ಯಂತ್ರವಾದರೂ ಸರಿ, ರುಬ್ಬುವ ಕಲ್ಲಾದರೂ ಸರಿ. ಆ ದಿನ ಮುಹೂರ್ತ ಬಹಳ ಸಣ್ಣದು, ಗಳಿಗೆ ಮೀರುತ್ತದೆ ಎಂದು ಪುರೋಹಿತರು ಅವಸರ ಮಾಡಿದರು. ಎರಡು ಸರ್ವರಿಗೂ ಹೂ ಮುಡಿಸಿ ಆಗಿತ್ತು. ಒಂದನ್ನು ಬಿಟ್ಟರೆ ಅದಕ್ಕೆ ಅಪಶಕುನ. ಅರಿಗರು ಮಧ್ಯದಲ್ಲಿ ನಿಂತು ಎರಡೂ ಕೈ ಚಾಚಿ, ಎಡಗೈಯಲ್ಲಿ ಒಂದರ, ಬಲಗೈಯಲ್ಲಿ ಇನ್ನೊಂದರ ಸ್ವಿಚ್ಚನ್ನು ಒಟ್ಟಿಗೆ ಒತ್ತಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆಮೇಲೆ ಎರಡೂ ಹಗಲು ರಾತ್ರಿ ಓಡಿದವು, ಗಂಟೆಗಳನ್ನೂ ಒಟ್ಟಿಗೇ ಎಣಿಸಿದವು.

ವಿಷಯವನ್ನೆಲ್ಲ ಕೇಳಿದ ಅರಿಗರು ಫೋಟೋ ನೋಡಿದರು, ನನ್ನನ್ನು ನೋಡಿದರು.

"ಅಂದರೆ ನಾಲ್ಕೂ ಡಿಸ್ಕು ಒಂದೇ ದಿನ ಹೋಗ್ತದೆ ಅಂತ ನೀವು ಹೇಳುವುದಾ?"

"ಒಂದೇ ದಿನ ಅಲ್ಲ ಸರ್. ಹೆಚ್ಚು ಕಡಿಮೆ ಒಂದೇ ಗಂಟೆಗೆ."

"ತಯಾರಕರು ಹೇಳಿದ್ದೆಲ್ಲ ಹಾಗೇ ಆಗ್ತದೆ ಅಂತ ಉಂಟಾ? ಭಾವನ ಸಂಘದಲ್ಲಿ ಅಪ್ಡೇಟ್ ಮಾಡಿ ಸರ್ವರು ಹೋದದ್ದು ನನಗೆ ಗೊತ್ತುಂಟಲ್ಲ. ನೀವು ಮುಟ್ಟಿ ಅದು ಸತ್ತರೆ ಡಯಾಲಿಸಿಸಿನವರಿಗೆ ನಾನು ಎಂತ ಹೇಳಲಿ?"

"ಮುಟ್ಟದೆ ಸತ್ತರೆ ಎಂತ ಹೇಳ್ತೀರಿ ಸರ್?" ಎಂದರು ನಾಸಿರ್.

ಅರಿಗರು ಮತ್ತೆ ಮೆಲ್ಲಗೆ "ಬೇಡ" ಎಂದರು. ನಾನು ಎದ್ದು ಹೋಗಲಿಲ್ಲ. ಅವರ ಎದುರು ಕುರ್ಚಿ ಎಳೆದು ಕೂತೆ. ನನ್ನ ಇಡೀ ದುಡಿಮೆಯಲ್ಲಿ ಮೇಲಧಿಕಾರಿಯ ಮುಂದೆ ಹಾಗೆ ಕೂತದ್ದು ಅದೊಂದೇ ಸಲ. ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೇನೆ ಎಂದು ಒಂದೊಂದಾಗಿ ಹೇಳಿದೆ. ಅವರು ಕೇಳಿದ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೊನೆಗೆ ಅವರು, "ಭಾನುವಾರ. ಡಯಾಲಿಸಿಸ್ ಇಲ್ಲದ ದಿನ. ನಾನೂ ಅಲ್ಲೇ ಇರ್ತೇನೆ" ಎಂದರು.

ಆ ವಾರವೆಲ್ಲ ತಯಾರಿ. ಬ್ಯಾಕಪ್ ಇದೆ ಎನ್ನುವುದು ಬೇರೆ, ಅದು ತೆರೆಯುತ್ತದೆ ಎನ್ನುವುದು ಬೇರೆ. ಅಟ್ಟದಲ್ಲಿದ್ದ ಬೇರೆ ಕಂಪನಿಯ ಒಂದು ಹಳೆಯ ಕಂಪ್ಯೂಟರನ್ನು ಒರೆಸಿ, ಬ್ಯಾಕಪ್ಪನ್ನು ಅದರಲ್ಲಿ ಬಿಚ್ಚಿ, ವಾರ್ಡಿನ ನರ್ಸನ್ನು ಕರೆದು ಲಿಲ್ಲಿ ಬಾಯಿಯ ಪುಟ ತೆರೆಯಲು ಹೇಳಿದೆ. ಕೆಂಪು ಸಾಲು ಬಂತು. ಆಮೇಲೆಯೇ ನನಗೆ ಊಟ ಇಳಿದದ್ದು. ಇಷ್ಟರ ಮೇಲೂ ಪ್ರತಿ ರೋಗಿಯ ಪುಟವನ್ನೂ ಕಾಗದದಲ್ಲಿ ಮುದ್ರಿಸಿ ಹಾಸಿಗೆಗಳ ಹತ್ತಿರ ಇಡಿಸಿದೆ. ಲಿಲ್ಲಿ ಬಾಯಿ ತಮ್ಮದನ್ನು ತಿರುಗಿಸಿ ನೋಡಿದರು.

"ಎಂತ ಮೇಡಂ, ನನ್ನ ಜಾತಕ ಪ್ರಿಂಟ್ ಮಾಡಿದ್ದಾ? ಈ ವಯಸ್ಸಿಗೆ ನನಗೆ ಗಂಡು ಹುಡುಕ್ತೀರಾ?"

"ಸಿಕ್ಕಿದ್ರೆ ಮೊದಲು ನಿಮಗೇ ಹೇಳ್ತೇನೆ ಬಾಯಿ" ಎಂದೆ. ನಗುತ್ತಲೇ ಹೇಳಿದೆ, ಆದರೆ ಹೊರಗೆ ಬಂದವಳೇ ಹಳೆಯ ಕಂಪ್ಯೂಟರಿನಲ್ಲಿ ಅವರ ಪುಟವನ್ನು ಇನ್ನೊಮ್ಮೆ ತೆರೆದು ನೋಡಿದೆ. ನಾನು ಹೆದರಿದ್ದೆ. ಹೆದರಿಕೆ ಇಲ್ಲ ಎನ್ನುವವರ ಕೈಗೆ ಸರ್ವರ್ ಕೋಣೆಯ ಕೀಲಿ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಭಾನುವಾರ ಬೆಳಿಗ್ಗೆ ನಾಸಿರ್ ಎಲ್ಲ ವೈರುಗಳನ್ನು ಹಿಡಿದು ನೋಡಿ ಬಂದರು, ನಾನು ಅವರ ಹಿಂದೆಯೇ ಇನ್ನೊಮ್ಮೆ ನೋಡಿದೆ. ಅವರು ಬೇಕೆಂದೇ ಮೇನ್ ಸ್ವಿಚ್ಚು ಇಳಿಸಿ ಯುಪಿಎಸ್ಸು ಹೊರೆ ಹೊರುತ್ತದೆಯೇ ಎಂದು ಪರೀಕ್ಷಿಸಿದರು. ಮೊದಲು ಬದಲಿ ಸರ್ವರು, ಅದರಲ್ಲೂ ಒಂದು ಡಿಸ್ಕು. ಅದು ಹೊಸ ಫರ್ಮ್‌ವೇರನ್ನು ಒಪ್ಪಿಕೊಂಡಿತು. ಯಂತ್ರವನ್ನು ಪೂರ್ತಿ ಆರಿಸಿ, ವೈರು ಕಿತ್ತು, ಮತ್ತೆ ಹಾಕಿ, ಹೊಸ ಆವೃತ್ತಿಯ ಸಂಖ್ಯೆಯನ್ನು ಇಬ್ಬರೂ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಂಡೆವು. ಎರಡನೆಯ ಡಿಸ್ಕು ಒಪ್ಪಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ದೋಷ ಎಂದು ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ, ಮತ್ತೆ ಅದೇ.

ಬಾಗಿಲಲ್ಲಿ ನಿಂತಿದ್ದ ಅರಿಗರು, "ಸಾಕು, ನಿಲ್ಲಿಸಿ. ನಾನು ಹೇಳಿದ್ದೆ" ಎಂದರು.

ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ಆ ಡಿಸ್ಕಿನ ಮೇಲೆ. "ಸರ್, ಇದು ಸತ್ತಿಲ್ಲ, ಹಳೆಯ ಫರ್ಮ್‌ವೇರ್‌ನಲ್ಲೇ ಓಡ್ತಾ ಉಂಟು. ಇದನ್ನು ತೆಗೆದು ನಾಸಿರ್ ತರಿಸಿದ ಬೇರೆ ಕಂಪನಿಯ ಡಿಸ್ಕು ಹಾಕ್ತೇನೆ. ಇಲ್ಲಿ ನಿಲ್ಲಿಸಿದ್ರೆ ಮುಖ್ಯ ಸರ್ವರಿನದ್ದು ಎರಡೂ ಆ ಗಂಟೆಗೆ ಸಾಯ್ತದೆ. ನಾನು ನಿಲ್ಲಿಸುವುದಿಲ್ಲ."

ನಾಸಿರ್ ಹೊಸ ಡಿಸ್ಕಿನ ಪೊಟ್ಟಣ ಬಿಚ್ಚತೊಡಗಿದರು. ಅರಿಗರು ಒಂದು ಸ್ಟೂಲು ಎಳೆದು ಕೂತರು. ಹೊಸ ಡಿಸ್ಕಿಗೆ ಎಲ್ಲವೂ ನಕಲಾಗುವ ತನಕ ಮೂವರೂ ಅಲ್ಲೇ ಇದ್ದೆವು, ಯಾರೂ ಚಹಾ ಕೂಡ ಕೇಳಲಿಲ್ಲ. ಮುಖ್ಯ ಸರ್ವರನ್ನು ಆ ದಿನ ಮುಟ್ಟಲಿಲ್ಲ. ಅರಿಗರೇ "ಅದನ್ನೂ ಈಗಲೇ ಮುಗಿಸುವ" ಎಂದರು, ನಾನು ಒಪ್ಪಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದಲೇ ಈ ಗತಿ ಬಂದಿತ್ತು. ಎರಡು ದಿನ ಇಡೀ ಆಸ್ಪತ್ರೆಯನ್ನು ಬದಲಿ ಸರ್ವರಿನ ಮೇಲೆ ಓಡಿಸಿ, ಯಾವ ತಕರಾರೂ ಬಾರದ ಮೇಲೆ, ಬುಧವಾರ ಡಯಾಲಿಸಿಸ್ ಮುಗಿದ ನಂತರ ಮುಖ್ಯ ಸರ್ವರಿಗೆ ಕೈ ಹಾಕಿದೆವು. ಅದರ ಎರಡು ಡಿಸ್ಕುಗಳೂ ತಕರಾರಿಲ್ಲದೆ ಒಪ್ಪಿಕೊಂಡವು.

ಗಂಡಾಂತರದ ಗಂಟೆ ಅದೇ ವಾರದ ಶನಿವಾರ ಬೆಳಿಗ್ಗೆ ಬಂತು. ನಾನು ಪರದೆಯ ಮುಂದೆ ಕೂತಿದ್ದೆ. ಎಣಿಕೆ ಆ ಸಂಖ್ಯೆಯನ್ನು ಮುಟ್ಟಿತು, ದಾಟಿತು, ಮುಂದೆ ಹೋಯಿತು. ಹಸಿರು ದೀಪಗಳು ಮಿನುಗುತ್ತಲೇ ಇದ್ದವು. ನಾಸಿರ್ ಚಹಾ ಕುಡಿಯಲು ಹೋದರು. ಅರಿಗರಿಗೆ ಫೋನು ಮಾಡಿ ತಿಳಿಸಿದೆ.

"ಏನೂ ಆಗಲಿಲ್ಲವಲ್ಲ" ಎಂದರು ಅವರು. "ಸುಮ್ಮನೆ ಅಷ್ಟು ಹೆದರಿದೆವಾ ಅಂತ."

ನಮ್ಮ ಕೆಲಸದ ದೊಡ್ಡ ಸಂಕಟ ಇದು, ಹೊಸಬರು ಈಗಲೇ ತಿಳಿದುಕೊಂಡಿರಿ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ನೀವು ಏನೂ ಮಾಡಿಲ್ಲವೆಂದೇ ಲೆಕ್ಕ. ಮನಸ್ಸಿಗೆ ನೋವಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ನನ್ನ ಮೇಜಿನ ಮೇಲೆ ಇನ್ನೊಂದು ಉಳಿದಿತ್ತು. ಒಪ್ಪದೆ ಹಟ ಮಾಡಿದ್ದ ಆ ಡಿಸ್ಕನ್ನು ಪೂರ್ತಿ ಅಳಿಸಿ, ಅಟ್ಟದಿಂದ ತಂದ ಹಳೆಯ ಕಂಪ್ಯೂಟರಿಗೆ ಜೋಡಿಸಿ ಓಡಲು ಬಿಟ್ಟಿದ್ದೆ. ಸರ್ವರಿನಿಂದ ತೆಗೆದ ಮೇಲೆ ಕೆಲವು ದಿನ ಅದು ಕಪಾಟಿನಲ್ಲಿ ಸುಮ್ಮನಿತ್ತು, ಆದ್ದರಿಂದ ಅದರ ಎಣಿಕೆ ಹಿಂದೆ ಬಿದ್ದಿತ್ತು. ಅದರ ಗಂಟೆ ಬರುವ ದಿನ ಅರಿಗರನ್ನು ಕರೆದೆ. ಬಂದು ಕೂತರು. ಡಿಸ್ಕಿನಿಂದ ಒಂದು ಸಾಲನ್ನು ಮತ್ತೆ ಮತ್ತೆ ಓದಿ ಪರದೆಗೆ ತರುವ ಹಾಗೆ ಮಾಡಿಟ್ಟಿದ್ದೆ. ಸಾಲುಗಳು ಒಂದರ ಕೆಳಗೆ ಒಂದು ಬರುತ್ತಿದ್ದವು. ನಾವು ನೋಡುತ್ತಿದ್ದ ಹಾಗೆಯೇ ನಿಂತವು. ಯಂತ್ರವನ್ನು ಆರಿಸಿ ಮತ್ತೆ ಹಾಕಿದೆ. ಒಳಗೆ ಡಿಸ್ಕೇ ಇಲ್ಲ ಎಂದು ಪರದೆ ಹೇಳಿತು.

ಅರಿಗರು ಕಚೇರಿಯಲ್ಲಿ ತುಳು ಮಾತಾಡುವವರಲ್ಲ. ಆ ದಿನ, "ಪೋಂಡತ್ತಾ" ಎಂದರು. ಹೋಯಿತಲ್ಲ ಎಂದು.

"ಹೋಯಿತು ಸರ್."

"ನಾಲ್ಕೂ ಹೀಗೇ ಹೋಗ್ತಿತ್ತಾ?"

"ನಾಲ್ಕೂ ಹೀಗೇ."

ಅವರು ಎದ್ದು ಹೊರಗೆ ನಡೆದರು. ಕಚೇರಿಯ ಕಡೆ ತಿರುಗದೆ ನೇರವಾಗಿ ಡಯಾಲಿಸಿಸ್ ವಾರ್ಡಿಗೆ ಹೋದರು. ಏನಾಯಿತೋ ಎಂದು ನಾನೂ ಹಿಂದೆ ಹೋದೆ. ಸಾಲಾಗಿ ಯಂತ್ರಗಳು ತಿರುಗುತ್ತಿದ್ದವು, ಪ್ರತಿ ಹಾಸಿಗೆಯ ಪಕ್ಕದ ಪರದೆಯಲ್ಲೂ ಅವರವರ ಪುಟ ತೆರೆದಿತ್ತು. ಅರಿಗರು ಲಿಲ್ಲಿ ಬಾಯಿಯ ಪರದೆಯ ಮುಂದೆ ನಿಂತು ಆ ಕೆಂಪು ಸಾಲನ್ನು ಓದಿದರು. ಕಣ್ಣು ಮುಚ್ಚಿ ಮಲಗಿದ್ದ ಲಿಲ್ಲಿ ಬಾಯಿಗೆ ಎಚ್ಚರವಾಯಿತು.

"ಎಂತ ಸರ್, ನೀವು ಇಲ್ಲಿ? ಏನಾದ್ರೂ ಆಯ್ತಾ?"

"ಇಲ್ಲ ಬಾಯಿ" ಎಂದರು ಅರಿಗರು. ಆಮೇಲೆ ತಿರುಗಿ ನನ್ನ ಕಡೆ ಕೈ ತೋರಿಸಿದರು. "ಆಗುವುದಿತ್ತು. ಇವರು ಬಿಡಲಿಲ್ಲ."